ಮರೆತದ್ದಲ್ಲ, ನಿಲ್ಲಿಸಿದ್ದು

ಕಳೆದ ತಿಂಗಳು ನಮ್ಮ ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗಿ ಒಂದು ಭಾಷಣವನ್ನು ಬಾಯಿಪಾಠ ಮಾಡಿಕೊಂಡು ನನಗೆ ಒಪ್ಪಿಸಲು ಬಂದಿದ್ದಳು. ಜೊತೆಯಲ್ಲಿ ಅವಳ ತಾಯಿ. ಕೈಯಲ್ಲಿ ಮೊಬೈಲು, ಅದರಲ್ಲಿ ಓಡುತ್ತಿರುವ ಗಡಿಯಾರ. ವಿಷಯ ಪರಿಸರ ಸಂರಕ್ಷಣೆ. ಹುಡುಗಿ ಉಸಿರು ತಿರುಗಿಸದೆ ನಾಲ್ಕೂ ಮುಕ್ಕಾಲು ನಿಮಿಷದಲ್ಲಿ ಇಡೀ ಭೂಮಂಡಲವನ್ನು ಉಳಿಸಿ ಮುಗಿಸಿದಳು. "ತಾತಾ, ಹೇಗಿತ್ತು?" ಎಂದಳು. "ಚೆನ್ನಾಗಿತ್ತಮ್ಮ, ಆದರೆ ಕೆರೆ ಒಣಗಿತು ಎಂದೆಯಲ್ಲ, ಅಲ್ಲಿ ಒಂದಿಷ್ಟು ನಿಲ್ಲು. ಕೆರೆ ಒಣಗಿದ್ದು ನಮಗೂ ಕಾಣಿಸಲಿ" ಎಂದೆ. ತಾಯಿ ತಕ್ಷಣ, "ಬೇಡ ಸಾರ್, ನಿಲ್ಲಿಸಿದರೆ ಮರೆತಳು ಅಂತ ಮಾರ್ಕ್ಸ್ ಕಟ್ ಮಾಡ್ತಾರೆ" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಹಾಗೆ ಅಂಕ ಕಡಿದವರಲ್ಲಿ ನಾನೂ ಒಬ್ಬ.

ಅದು 1998ರ ಡಿಸೆಂಬರ್. ಬಯಲುಸೀಮೆಯ ಒಂದು ತಾಲೂಕು ಕೇಂದ್ರದಲ್ಲಿ ಪ್ರೌಢಶಾಲೆಗಳ ಭಾಷಣ ಸ್ಪರ್ಧೆ ಏರ್ಪಾಡಾಗಿತ್ತು. ಕನ್ನಡ ಅಧ್ಯಾಪಕನೆಂಬ ಕಾರಣಕ್ಕೆ ಮೂವರು ತೀರ್ಪುಗಾರರಲ್ಲಿ ನನ್ನನ್ನೂ ಕೂರಿಸಿದ್ದರು. ಅಂಕಪಟ್ಟಿಯಲ್ಲಿ ನಾಲ್ಕು ಕಲಮುಗಳು: ವಿಷಯ ನಿರೂಪಣೆ, ಉಚ್ಚಾರಣೆ, ನಿರರ್ಗಳತೆ, ಹಾವಭಾವ. ನಾಲ್ಕನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಐದಕ್ಕೆ ಕೊನೆಯ ಗಂಟೆ. ವಿಷಯ 'ನೀರಿನ ಮಹತ್ವ'. ಹದಿನೆಂಟು ಮಕ್ಕಳು, ಅವರಲ್ಲಿ ಹೆಚ್ಚಿನವರ ಭಾಷಣ ಒಂದೇ ಗೈಡಿನಿಂದ ಹೊರಟದ್ದು. ಮಧ್ಯಾಹ್ನದ ಹೊತ್ತಿಗೆ ಸಭಾಂಗಣದಲ್ಲಿ ಕೇಳುವವರು ಯಾರೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಕುಳಿತವರು ಇದ್ದರು.

ಹದಿನಾಲ್ಕನೆಯವನಾಗಿ ಒಬ್ಬ ತೆಳ್ಳನೆಯ ಹುಡುಗ ಬಂದ. ಒಂಬತ್ತನೆಯ ತರಗತಿ. ನಮಸ್ಕಾರ ಹೇಳಿ, ವೇದಿಕೆಯ ಮೇಲಿರುವವರ ಪಟ್ಟಿ ಒಪ್ಪಿಸದೆ, ನೇರವಾಗಿ ಆರಂಭಿಸಿದ. "ನಮ್ಮೂರಿನ ಬೋರಿಗೆ ಕರೆಂಟು ಬರುವುದು ರಾತ್ರಿ ಎರಡು ಗಂಟೆಗೆ. ನಮ್ಮವ್ವ ಆಗ ಎದ್ದು ಕೊಡ ತೆಗೆದುಕೊಂಡು ಹೋಗುತ್ತಾಳೆ" ಎಂದ. ಎಂದು, ನಿಂತ. ನಮ್ಮನ್ನೇ ನೋಡುತ್ತ ನಿಂತ. ಐದು ಸೆಕೆಂಡೋ ಆರು ಸೆಕೆಂಡೋ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅವನು ಮುಂದುವರಿಸಿದ. ಭಾಷಣದ ಮಧ್ಯೆ ಇನ್ನೆರಡು ಬಾರಿ ಹಾಗೆಯೇ ನಿಂತ. ನಾನು ಕೆಂಪು ಪೆನ್ನಿನಿಂದ ನಿರರ್ಗಳತೆಯ ಕಲಮಿನಲ್ಲಿ ಹತ್ತಕ್ಕೆ ನಾಲ್ಕು ಬರೆದು, ಪಕ್ಕದಲ್ಲಿ 'ಮೂರು ಸಲ ಮರೆವು' ಎಂದು ಷರಾ ಹಾಕಿದೆ. ಹುಡುಗನಿಗೆ ಬಹುಮಾನ ಬರಲಿಲ್ಲ. ಮೊದಲ ಬಹುಮಾನ ಗೈಡಿನ ಪಾಠವನ್ನು ಎಲ್ಲರಿಗಿಂತ ವೇಗವಾಗಿ ಒಪ್ಪಿಸಿದವನ ಪಾಲಾಯಿತು. ಅವನು ಏನು ಹೇಳಿದನೆಂಬುದು ಇಂದು ನನಗೆ ಒಂದಕ್ಷರವೂ ನೆನಪಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಆ ಹುಡುಗ ಹತ್ತಿರ ಬಂದು, ತಲೆ ತಗ್ಗಿಸಿಯೇ, "ಸಾರ್, ನಾನು ಮರ್ತಿರ್ಲಿಲ್ಲ. ಅವ್ರಿಗೆ ಕೇಳಿಸ್ಲಿ ಅಂತ ನಿಂತ್ಕಂಡೆ" ಎಂದ. ಇದನ್ನು ಯಾರು ಹೇಳಿಕೊಟ್ಟರೆಂದು ಕೇಳಿದೆ. "ಯಾರೂ ಇಲ್ಲ ಸಾರ್. ನಮ್ಮಜ್ಜಿ ಕತೆ ಹೇಳುವಾಗ ನಾವು ಹೂಂ ಅನ್ನೋತನಕ ಮುಂದಕ್ಕೆ ಹೇಳಾಕಿಲ್ಲ" ಎಂದ. ಬಸ್ಸು ಬಂತು. ಅಂಕಪಟ್ಟಿ ಅಷ್ಟರಲ್ಲಿ ಕಚೇರಿಗೆ ಸೇರಿಯಾಗಿತ್ತು.

ಸಾರ್ವಜನಿಕ ಭಾಷಣದಲ್ಲಿ ವಿರಾಮವನ್ನು ಹೇಗೆ ಬಳಸಬೇಕೆಂದು ತಿಳಿಸುವ ಪುಸ್ತಕಗಳು ಬೇಕಾದಷ್ಟಿವೆ. ನಾನು ಓದಿದವುಗಳಲ್ಲಿ ಹೆಚ್ಚಿನವು ಅದನ್ನು ಭಾಷಣಕಾರನ ಆಭರಣವೆಂದು ಬಗೆಯುತ್ತವೆ. ಆ ಹುಡುಗನ ಅಜ್ಜಿಗೆ ಅದು ಆಭರಣವಾಗಿರಲಿಲ್ಲ. ಹಳ್ಳಿಯ ಜಗುಲಿಯಲ್ಲಿ ಬೆಳೆದವರಿಗೆಲ್ಲ ಹೂಂಗುಟ್ಟುವುದೆಂದರೆ ಏನೆಂದು ಗೊತ್ತು. ಕತೆ ಹೇಳುವವಳು ಒಂದು ಮಾತು ಹೇಳಿ ತಡೆಯುತ್ತಾಳೆ. ಮಕ್ಕಳು 'ಹೂಂ' ಎನ್ನಬೇಕು. ಎನ್ನದಿದ್ದರೆ ಮಲಗಿದವೆಂದು ತಿಳಿದು ಕತೆ ನಿಲ್ಲಿಸುತ್ತಾಳೆ. ಆ ತಡೆ ಹೇಳುವವಳದ್ದಲ್ಲ, ಕೇಳುವವರದ್ದು. ನನ್ನ ಅಭಿಪ್ರಾಯವೂ ಇಷ್ಟೇ: ಮಾತಿನ ನಡುವಿನ ಮೌನ ಸಭಿಕರ ಪಾಲು. ಅದನ್ನು ಅವರಿಗೆ ಕೊಡದೆ ನುಂಗುವವನು ಎಷ್ಟೇ ನಿರರ್ಗಳನಾಗಿದ್ದರೂ ಸಭೆಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಲ್ಲ. 'ಮಾತು ಬೆಳ್ಳಿ, ಮೌನ ಬಂಗಾರ' ಎಂಬ ಗಾದೆ ನನಗೆ ಎಂದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಅದು ಎರಡನ್ನೂ ಬೇರೆ ಬೇರೆ ತಕ್ಕಡಿಯಲ್ಲಿಟ್ಟು ತೂಗುತ್ತದೆ.

ಇದು ನಮಗೆ ಹೊಸದೂ ಅಲ್ಲ. ಛಂದಸ್ಸನ್ನು ಪಾಠ ಮಾಡುವಾಗ 'ಯತಿ' ಎಂಬ ಮಾತು ಬರುತ್ತದೆ. ಪದ್ಯದ ಪಾದದೊಳಗೆ ಉಸಿರಿಗೆ ನಿಲ್ಲುವ ತಾಣ. ಕಾಳಿದಾಸನ ಮೇಘದೂತ ರಚಿತವಾಗಿರುವ ಮಂದಾಕ್ರಾಂತ ವೃತ್ತದಲ್ಲಿ ಪಾದವೊಂದಕ್ಕೆ 17 ಅಕ್ಷರಗಳು. ನಾಲ್ಕಕ್ಕೆ ಒಂದು ನಿಲುಗಡೆ, ಅನಂತರ ಆರಕ್ಕೆ ಒಂದು, ಉಳಿದ ಏಳಕ್ಕೆ ಪಾದ ಮುಗಿಯುತ್ತದೆ. ಸಂಸ್ಕೃತದ ವೃತ್ತಗಳನ್ನು ತಂದುಕೊಂಡ ನಮ್ಮ ಹಳಗನ್ನಡ ಕವಿಗಳು ಪ್ರಾಸವನ್ನು ಬಿಗಿಯಾಗಿ ಹಿಡಿದು ಯತಿಯನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ನಮ್ಮ ಭಾಷಣಕಾರರೂ ಅವರ ವಂಶದವರೇ ಇರಬೇಕು, ಪ್ರಾಸ ಬಿಡುವುದಿಲ್ಲ, ಎಲ್ಲಿಯೂ ನಿಲ್ಲುವುದಿಲ್ಲ ಎಂದು ತರಗತಿಯಲ್ಲಿ ನಗೆಯಾಡುತ್ತಿದ್ದೆ. ಆದರೆ ಕನ್ನಡ ತನ್ನ ನಿಲುಗಡೆಯನ್ನು ಬೇರೆ ಕಡೆ ಇಟ್ಟುಕೊಂಡಿತು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ನೋಡಿ. ಮೊದಲ ಎರಡು ಸಾಲುಗಳಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆಗಳು. ಮೂರನೆಯ ಸಾಲು ಒಂದೂವರೆ ಪಾಲು ಉದ್ದವಾಗಿ ಓಡಿ, ಕೊನೆಗೆ ಒಂದು ಗುರುವಿನ ಮೇಲೆ ಬಂದು ಕೂರುತ್ತದೆ. ಆ ಗುರು ಓದುವವನಿಗೆ ಉಸಿರು. ಕೇಳುವವನಿಗೆ ಕಂಡದ್ದನ್ನು ಕಣ್ಣಲ್ಲಿ ತುಂಬಿಕೊಳ್ಳುವ ಎಡೆ. ಇನ್ನು ಗಮಕಿಗಳು ಸಾಲಿನ ಅಂಚನ್ನೇ ನೆಚ್ಚದೆ, ಅರ್ಥ ಕೂಡುವಲ್ಲಿ ನಿಂತು, ಅರ್ಥ ಹರಿಯುವಲ್ಲಿ ಹರಿಯುತ್ತಾರೆ. ತಾಳೆಗರಿಯಲ್ಲಿ ಪದಪದಗಳ ನಡುವೆ ತೆರಪು ಬಿಡುವ ರೂಢಿಯಿರಲಿಲ್ಲವಷ್ಟೆ; ಎಲ್ಲಿ ನಿಲ್ಲಬೇಕೆಂಬುದನ್ನು ಓದುವವನೇ ಕಂಡುಕೊಳ್ಳಬೇಕಿತ್ತು. ನಿಂತ ಜಾಗವೇ ಅವನ ವಿದ್ವತ್ತಿನ ಪರೀಕ್ಷೆ. ನಮ್ಮ ಶಿವಮೊಗ್ಗೆಯ ಬಳಿಯ ಹೊಸಹಳ್ಳಿ ಈ ಕಲೆಗೆ ಹೆಸರಾದ ಊರು; ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಪದವೀಧರರಾದ ನಮ್ಮಲ್ಲಿಯೇ ಹಲವರು ಗಮಕವೆಂದರೇನೆಂದು ಕೇಳಿದರು.

ನಾನು ತೀರ್ಥಹಳ್ಳಿ ಸೀಮೆಯವನು. ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಲೆ ಕೇಳುತ್ತ ಬೆಳೆದವನು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಲೆ, ಎದುರು ಬದುರು ಕುಳಿತ ಅರ್ಥಧಾರಿಗಳು. ವಾಲಿಮೋಕ್ಷದಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗವಿದೆ. ಸಣ್ಣ ಅರ್ಥಧಾರಿಯಾದರೆ ಒಂದರ ಮೇಲೊಂದು ಪ್ರಶ್ನೆ ಎಸೆಯುತ್ತಾನೆ. ದೊಡ್ಡವನು ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತಾನೆ. ಮದ್ದಲೆಯೂ ಸುಮ್ಮನಿರುತ್ತದೆ. ಹೊರಗೆ ಮಳೆ ಸುರಿಯುವ ಸದ್ದು. ಎದುರಿಗೆ ರಾಮನ ಪಾತ್ರಧಾರಿ ಉತ್ತರ ಹುಡುಕುತ್ತಿರುವಾಗ ಕಂಬಳಿ ಹೊದ್ದು ಕುಳಿತ ನಾವೂ ನಮ್ಮ ನಮ್ಮೊಳಗೆ ಹುಡುಕುತ್ತಿದ್ದೆವು. ಹತ್ತು ವರ್ಷದ ಹುಡುಗನಾಗಿ ನಾನು ಮೊದಲ ಬಾರಿಗೆ ಧರ್ಮಾಧರ್ಮದ ಬಗ್ಗೆ ಯೋಚಿಸಿದ್ದು ಅಂಥದೊಂದು ಬಿಡುವಿನಲ್ಲಿ. ಇಷ್ಟನ್ನು ಕಂಡುಂಡವನು ಮುಂದೆ ಆ ಹುಡುಗನಿಗೆ ಹತ್ತಕ್ಕೆ ನಾಲ್ಕು ಕೊಟ್ಟನೆಂಬುದೇ ನನ್ನ ನಾಚಿಕೆ.

ಅದಕ್ಕೆ ನಮ್ಮ ಶಿಕ್ಷಣ ಕಾಲೇಜೂ ಒಂದಿಷ್ಟು ಕಾರಣ. ನಾನು ಬಿ.ಎಡ್. ಮಾಡುವಾಗ ಸೂಕ್ಷ್ಮಬೋಧನೆಯ ಕಾಲ. ಆರು ನಿಮಿಷದ ಪಾಠ, ಸಹಪಾಠಿಗಳೇ ವಿದ್ಯಾರ್ಥಿಗಳು, ಹಿಂದೆ ಮೇಲ್ವಿಚಾರಕರು ಒಂದು ಪಟ್ಟಿ ಹಿಡಿದು ಕೂರುತ್ತಿದ್ದರು. 'ಪ್ರಚೋದನಾ ಬದಲಾವಣೆ'ಯ ಕೌಶಲದಲ್ಲಿ ಚಲನೆ, ಹಾವಭಾವ, ಧ್ವನಿಯ ಏರಿಳಿತ ಇವುಗಳ ಜೊತೆಗೆ 'ವಿರಾಮ'ವೂ ಒಂದು ಅಂಶ. ವಿರಾಮ ಕೊಟ್ಟಾಗಲೆಲ್ಲ ಅವರು ಒಂದು ಗೆರೆ ಎಳೆಯುತ್ತಿದ್ದರು. ನಾವೋ, ಗೆರೆ ಬೀಳಲೆಂದು ನಿಲ್ಲುವುದನ್ನು ಕಲಿತೆವು. ಸಮಾಸದ ಪಾಠದಲ್ಲಿ ನಾನು ಕಾರಣವಿಲ್ಲದೆ ಮೂರು ಬಾರಿ ನಿಂತು ಛಾವಣಿ ನೋಡಿದೆ. ಮೂರು ಗೆರೆ ದೊರೆತವು. ಯಾರಿಗಾಗಿ ನಿಲ್ಲಬೇಕೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅದನ್ನು ಹೇಳಿದವರು ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ. 1970ರ ದಶಕದಲ್ಲಿ ಪ್ರಕಟವಾದ ಅವರ ಅಧ್ಯಯನಗಳನ್ನು ನಾನು ಬಹಳ ತಡವಾಗಿ, ಒಂದು ತರಬೇತಿ ಶಿಬಿರದಲ್ಲಿ ತಿಳಿದೆ. ತರಗತಿಯಲ್ಲಿ ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವ ಅವಧಿ ಸರಾಸರಿ ಒಂದು ಸೆಕೆಂಡಿನ ಆಸುಪಾಸು ಎಂದು ಅವರು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಸುಮ್ಮನೆ ಕೂರುವ ಮಕ್ಕಳು ಬಾಯಿ ತೆರೆದರು. ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು. ನಾನು ಮರುವಾರವೇ ಒಂಬತ್ತನೆಯ ತರಗತಿಯಲ್ಲಿ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಪರೀಕ್ಷಿಸಿದೆ. ಮೂರು ಸೆಕೆಂಡು ಎಂಬುದು ಎಷ್ಟು ದೀರ್ಘವೆಂದು ಶಿಕ್ಷಕನಾಗದವರಿಗೆ ತಿಳಿಯದು, ಮೂರು ಗಳಿಗೆಯಂತಿತ್ತು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ಒದ್ದಾಡುತ್ತಿತ್ತು. ಆದರೆ ಆ ವಾರ ಕೊನೆಯ ಬೆಂಚಿನ ಒಬ್ಬ ಹುಡುಗಿ ಉತ್ತರ ಹೇಳಿದಳು. ಎರಡು ವರ್ಷ ನನ್ನ ವಿದ್ಯಾರ್ಥಿನಿಯಾಗಿದ್ದ ಅವಳ ಧ್ವನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಕನ್ನಡದಲ್ಲಿ ಮಾತನಾಡುವವರು ಮುಖ್ಯವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಸಿಗದು. ನಮ್ಮ ವಾಕ್ಯದ ಜೀವ ಅದರ ಬಾಲದಲ್ಲಿದೆ. ಕ್ರಿಯಾಪದ ಬರುವುದು ಕೊನೆಗೆ. ಹೌದೋ ಅಲ್ಲವೋ ಎಂಬುದೂ ಅಲ್ಲಿಯೇ ತೀರ್ಮಾನ. ಓಟದ ಭಾಷಣಕಾರನ ಉಸಿರು ತೀರುವುದೂ ಸರಿಯಾಗಿ ಅಲ್ಲಿಯೇ. ನನ್ನ ಮುಖ್ಯೋಪಾಧ್ಯಾಯರೊಬ್ಬರು ಪ್ರಾರ್ಥನಾ ಸಭೆಯಲ್ಲಿ "ನಾಳೆ ಶನಿವಾರ ಶಾಲೆಗೆ ರಜೆ ಇರುವುದಿಲ್ಲ" ಎಂದು ಘೋಷಿಸಿದರು. 'ಇರುವುದಿಲ್ಲ' ಎಂಬುದು ಅವರ ಗಂಟಲಲ್ಲಿಯೇ ಉಳಿಯಿತು. ಮರುದಿನ ಅರ್ಧ ಶಾಲೆ ಬರಲಿಲ್ಲ. ಬಂದ ಅರ್ಧದವರಿಗೆ ಅವರು ಬರದವರ ಪಾಲಿನ ಬೈಗುಳವನ್ನೂ ಸೇರಿಸಿ ಕೊಟ್ಟರು. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುತ್ತಿದ್ದದ್ದು, ಕ್ರಿಯಾಪದಕ್ಕೆ ಉಸಿರು ಉಳಿಸಿಕೊಳ್ಳಿ, ಅದನ್ನು ಪೂರ್ತಿ ಹೇಳಿ ನಿಲ್ಲಿ ಎಂದು. ಎರಡನೆಯದಾಗಿ ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆಯುತ್ತಿದ್ದೆ: ರಂಗ ಹೇಳಿದ ನಿಂಗ ದಡ್ಡ. 'ಹೇಳಿದ' ಎಂಬಲ್ಲಿ ನಿಂತರೆ ದಡ್ಡ ನಿಂಗ. 'ರಂಗ' ಎಂದು ನಿಂತು, 'ಹೇಳಿದ ನಿಂಗ' ಎಂದು ಮತ್ತೆ ನಿಂತರೆ ದಡ್ಡತನ ರಂಗನ ತಲೆಗೆ ಏರುತ್ತದೆ. ಒಂದಕ್ಷರ ಬದಲಾಗಿಲ್ಲ. ಮಕ್ಕಳು ಈ ವಾಕ್ಯವನ್ನು ವರ್ಷಗಟ್ಟಲೆ ಮರೆಯುತ್ತಿರಲಿಲ್ಲ; ರಂಗ, ನಿಂಗ ಎಂಬ ಹೆಸರಿನವರು ತರಗತಿಯಲ್ಲಿದ್ದ ವರ್ಷ ಮಾತ್ರ ಹೆಸರು ಬದಲಿಸುತ್ತಿದ್ದೆ.

ದೊಡ್ಡ ಮೈದಾನದಲ್ಲಿ ಮಾತನಾಡುವವರಿಗೆ ಭೌತಶಾಸ್ತ್ರವೂ ಇದನ್ನೇ ಹೇಳುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಸ್ವಾತಂತ್ರ್ಯ ದಿನಾಚರಣೆಗೆ ಮೈದಾನದ ಎರಡು ತುದಿಗೆ ಎರಡು ಕಹಳೆ ಮೈಕು ಕಟ್ಟುತ್ತಾರಲ್ಲ, ಒಂದರ ಹತ್ತಿರ ಕುಳಿತವನಿಗೆ ಎಪ್ಪತ್ತು ಮೀಟರು ಆಚೆಯದರ ದನಿ ಸೆಕೆಂಡಿನ ಐದನೆಯ ಒಂದು ಪಾಲು ತಡವಾಗಿ ಬರುತ್ತದೆ. ಅಷ್ಟರಲ್ಲಿ ಓಟಗಾರ ಭಾಷಣಕಾರ ಮುಂದಿನ ಅಕ್ಷರಕ್ಕೆ ಹೋಗಿಯಾಗಿರುತ್ತದೆ. ಎರಡೂ ಕಲಸಿ ಗೊಜ್ಜಾಗುತ್ತದೆ. ಮೈಕು ಸರಿಯಿಲ್ಲವೆಂದು ಮೈಕಿನವನನ್ನು ಬೈಯುತ್ತೇವೆ.

ವಿರಾಮದ ಮಾತು ಬಂದಾಗ ಅಟಲ್ ಬಿಹಾರಿ ವಾಜಪೇಯಿಯವರನ್ನು ನೆನೆಯದಿರುವುದು ಸಾಧ್ಯವಿಲ್ಲ. ರಾಜಕೀಯ ಒತ್ತಟ್ಟಿಗಿರಲಿ. 1996ರ ಮೇ ತಿಂಗಳಲ್ಲಿ ಅವರ ಹದಿಮೂರು ದಿನಗಳ ಸರ್ಕಾರ ವಿಶ್ವಾಸಮತ ಕೋರಿದಾಗ ಲೋಕಸಭೆಯ ಕಲಾಪವನ್ನು ದೂರದರ್ಶನದಲ್ಲಿ ನೇರವಾಗಿ ತೋರಿಸಿದರು. ಬೇಸಿಗೆ ರಜೆ; ಎದುರು ಮನೆಯ ಟಿ.ವಿ. ಮುಂದೆ ನಾವು ಏಳೆಂಟು ಜನ. ನನ್ನ ಹಿಂದಿ ಅಷ್ಟಕ್ಕಷ್ಟೇ. ಆದರೂ ಅವರು ಮಾತು ನಿಲ್ಲಿಸಿ, ಕಣ್ಣು ಅರೆಮುಚ್ಚಿ, ತಲೆ ಒಂದಿಷ್ಟು ಓರೆ ಮಾಡಿದಾಗ, ಹಿಂದೆ ಬಂದ ಮಾತಿನ ಅರ್ಥವನ್ನು ಕೂಡಿಸಿಕೊಳ್ಳಲು ನನಗೆ ಸಮಯ ಸಿಗುತ್ತಿತ್ತು. ಭಾಷೆ ಅರ್ಧಂಬರ್ಧ ಬಲ್ಲವನನ್ನೂ ಅವರು ಜೊತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದರು. ವಯಸ್ಸಾದಂತೆ ಆ ಮೌನಗಳು ಬಹಳ ದೀರ್ಘವಾದವು, ಪರಿಹಾಸ್ಯಕ್ಕೂ ವಸ್ತುವಾದವು ಎಂಬುದು ನಿಜ. ಉಪ್ಪಿಗೂ ಒಂದು ಅಳತೆ ಇದೆ.

ಅಂತೆಯೇ ಎಲ್ಲ ನಿಲುಗಡೆಯೂ ವಿರಾಮವಲ್ಲ. ಎರಡು ಮಾತಿಗೊಮ್ಮೆ "ಏನಪ್ಪಾ ಅಂತಂದ್ರೆ" ಎನ್ನುವವರಿದ್ದಾರೆ. ಅವರಿಗೆ ಮೌನವೆಂದರೆ ಭಯ, ಸಿಕ್ಕಿದ ಪದದಿಂದ ತೂತು ಮುಚ್ಚುತ್ತಾರೆ. ಚಪ್ಪಾಳೆಗಾಗಿ ನಿಲ್ಲುವ ರಾಜಕಾರಣಿಗಳಿದ್ದಾರೆ. ಚಪ್ಪಾಳೆ ಬರದಿದ್ದರೆ ಕೇಳಿಯೇ ಪಡೆಯುತ್ತಾರೆ. ಇನ್ನು ಕೆಲವರು, ನುಡಿ ಹೇಗಿರಬೇಕೆಂದು ತಿಳಿಸುವ ಬಸವಣ್ಣನವರ ವಚನವನ್ನೇ ರೈಲಿನ ವೇಗದಲ್ಲಿ ಒದರಿ ಭಾಷಣಕ್ಕೆ ಮಂಗಳ ಹಾಡುತ್ತಾರೆ. ಈಗಂತೂ ನನ್ನ ಮೊಮ್ಮಗ ವಾಟ್ಸಾಪಿನಲ್ಲಿ ನಾನು ಕಳಿಸುವ ಧ್ವನಿಸಂದೇಶವನ್ನು ಎರಡು ಪಟ್ಟು ವೇಗದಲ್ಲಿ ಕೇಳುತ್ತಾನೆ. "ತಾತಾ, ನೀವು ತುಂಬಾ ಗ್ಯಾಪ್ ಕೊಡ್ತೀರಿ" ಎನ್ನುತ್ತಾನೆ. ಯೂಟ್ಯೂಬಿಗೆ ವಿಡಿಯೋ ಮಾಡುವವರು ಮಾತಿನ ನಡುವಿನ ಮೌನವನ್ನು ಕತ್ತರಿಸಿ ಎಸೆಯುವುದಕ್ಕೆ ತಂತ್ರಾಂಶವೇ ಇದೆಯಂತೆ. ಮೊಮ್ಮಗ ಕುತೂಹಲಕ್ಕೆ ನನ್ನ ಒಂದು ಧ್ವನಿಮುದ್ರಿಕೆಯನ್ನು ಅದಕ್ಕೆ ಹಾಕಿದ. ಹನ್ನೊಂದು ನಿಮಿಷದ್ದು ಏಳು ನಿಮಿಷವಾಯಿತು. ಕೇಳಿದೆ. ಎಲ್ಲ ಪದಗಳೂ ನನ್ನವೇ, ಆದರೆ ಯಾರೋ ನನ್ನನ್ನು ಬೆನ್ನಟ್ಟಿಕೊಂಡು ಬರುತ್ತಿರುವಂತಿತ್ತು.

ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಒಂದು ನ್ಯಾಯವಾದ ಆಕ್ಷೇಪ ಎತ್ತುತ್ತಾರೆ. "ನೀವು ಹೇಳುವುದೆಲ್ಲ ಸರಿ. ಆದರೆ ತೀರ್ಪುಗಾರನಿಗೆ ಮಗು ಮರೆತದ್ದೋ ನಿಲ್ಲಿಸಿದ್ದೋ ಹೇಗೆ ತಿಳಿಯಬೇಕು? ಹದಿನೆಂಟು ಮಕ್ಕಳು, ಐದೈದು ನಿಮಿಷ; ಎಲ್ಲರಿಗೂ ಒಂದೇ ಅಳತೆ ಬೇಡವೇ?" ಎಂದು. ನಿರರ್ಗಳತೆಯನ್ನು ಅಳೆಯುವುದು ಸುಲಭ, ಒಪ್ಪುತ್ತೇನೆ. ಅಳೆಯಲು ಸುಲಭವೆಂದು ಅದನ್ನೇ ಭಾಷಣವೆಂದು ಕರೆದದ್ದು ನಮ್ಮ ಸೋಮಾರಿತನ. ಮತ್ತೆ, ಮರೆತದ್ದೂ ನಿಲ್ಲಿಸಿದ್ದೂ ತಿಳಿಯದಷ್ಟು ಗುಟ್ಟಿನದಲ್ಲ. ಮರೆತ ಮಗುವಿನ ಕಣ್ಣು ಛಾವಣಿಗೆ ಹೋಗುತ್ತದೆ, ಇಲ್ಲವೇ ಬರೆದುಕೊಟ್ಟ ಮೇಷ್ಟ್ರ ಕಡೆಗೆ. ನಿಲ್ಲಿಸಿದ ಮಗುವಿನ ಕಣ್ಣು ನಮ್ಮ ಮೇಲಿರುತ್ತದೆ. 1998ರಲ್ಲಿ ಆ ಹುಡುಗ ನಮ್ಮನ್ನೇ ನೋಡುತ್ತಿದ್ದ. ನಾನು ಅಂಕಪಟ್ಟಿಯನ್ನು ನೋಡುತ್ತಿದ್ದೆ.

ಅವನು ಈಗ ಎಲ್ಲಿದ್ದಾನೋ. ನಲವತ್ತರ ಆಸುಪಾಸಿನ ವಯಸ್ಸಾಗಿರಬೇಕು.

ಪಕ್ಕದ ಮನೆಯ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು, ತಾಯಿ ಇಲ್ಲದ ವೇಳೆ ನೋಡಿಕೊಂಡು. ಕೆರೆ ಒಣಗಿತು ಎಂದು ಹೇಳಿ ನಿಂತಳು. ಒಂದು, ಎರಡು, ಮೂರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನನ್ನ ಶ್ರೀಮತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಆಮೇಲೆ?" ಎಂದರು. ಹುಡುಗಿ ನನ್ನತ್ತ ನೋಡಿ ನಕ್ಕಳು.

ಸ್ಪರ್ಧೆ ಮುಂದಿನ ವಾರ. ಹಿರಿಯರೆಂದು ನನ್ನನ್ನೂ ಆಹ್ವಾನಿಸಿದ್ದಾರೆ. ಪರಿಚಯದ ಮಗು ಇರುವುದರಿಂದ ತೀರ್ಪುಗಾರನಾಗಲಾರೆ ಎಂದು ತಿಳಿಸಿದೆ. ಹಾಗಾದರೆ ಗಂಟೆ ಹೊಡೆಯುವ ಜವಾಬ್ದಾರಿಯನ್ನಾದರೂ ವಹಿಸಿಕೊಳ್ಳಿ ಎಂದರು. ಅದೂ ಬೇಡ, ಹಿಂದಿನ ಬೆಂಚಿನಲ್ಲಿ ಕುಳಿತು ಹೂಂ ಎನ್ನುತ್ತೇನೆ ಎಂದಿದ್ದೇನೆ.